ದೂರದರ್ಶಕಕ್ಕೆ ಹಸಿರು ಬೆಳಕಿನ ಕೋಲು

ದೂರದರ್ಶಕದ ಕೊಳವೆಗೆ ಸಮಾಂತರವಾಗಿ ಹಸಿರು ಲೇಸರ್ ಸೂಚಿಯೊಂದನ್ನು ಬಿಗಿದರೆ, ಅದರ ಕಿರಣವು ಇರುಳಿನ ಆಕಾಶದಲ್ಲಿ ನೀಳವಾದ ಕೋಲಿನಂತೆ ತೋರುತ್ತದೆ. ಕೋಲಿನ ತುದಿ ಯಾವ ನಕ್ಷತ್ರವನ್ನು ಮುಟ್ಟಿದಂತೆ ಕಾಣುವುದೋ ಅದೇ ದೂರದರ್ಶಕದಲ್ಲಿಯೂ ಗೋಚರಿಸುತ್ತದೆ. ನೆತ್ತಿಯ ಮೇಲಿನ ತಾರೆಗಾಗಿ ಶೋಧಕದ ಹಿಂದೆ ಕತ್ತು ತಿರುಚಿ ಬಳಲಿದವರಿಗೆ ಈ ಸೌಕರ್ಯದ ಬೆಲೆಯನ್ನು ಹೇಳಬೇಕಾಗಿಲ್ಲ.

ಆದರೆ ಕಿರಣವು ಪ್ರಖರವಾದಷ್ಟೂ ಲೇಸೆಂಬ ಭಾವನೆಯನ್ನು ನಾನು ಒಪ್ಪಲಾರೆ. ಕತ್ತಲೆಗೆ ಹೊಂದಿಕೊಂಡ ಕಣ್ಣು ಸುಮಾರು 507 ನ್ಯಾನೊಮೀಟರ್ ಅಲೆಯುದ್ದದ ಬೆಳಕನ್ನು ಅತ್ಯಂತ ಸೂಕ್ಷ್ಮವಾಗಿ ಗ್ರಹಿಸುತ್ತದೆ. ಸೂಚಿಯ ಹಸಿರು 532, ಅದಕ್ಕೆ ಸಮೀಪವೇ. ಆದುದರಿಂದ ಗಾಳಿಯ ಅಣುಗಳು ಚದರಿಸುವ ಅಲ್ಪ ಬೆಳಕನ್ನು ಕಾಣಲು 5 ಮಿಲಿವ್ಯಾಟ್ ಧಾರಾಳವಾಗಿ ಸಾಕು.

ಮೇಲಾಗಿ, ಬಹುತೇಕ ಸೂಚಿಗಳಲ್ಲಿ ಹಸಿರು ನೇರವಾಗಿ ಹುಟ್ಟುವುದಿಲ್ಲ. 808 ನ್ಯಾನೊಮೀಟರಿನ ಅವಕೆಂಪು ಬೆಳಕಿನ ಬಲದಿಂದ ಒಂದು ಹರಳು 1064ರ ಕಿರಣವನ್ನು ಹೊಮ್ಮಿಸುತ್ತದೆ. ಇನ್ನೊಂದು ಹರಳು ಆ ಅಲೆಯುದ್ದವನ್ನು ಅರ್ಧವಾಗಿಸುತ್ತದೆ. ಮಿಕ್ಕ ಅವಕೆಂಪನ್ನು ತಡೆಯುವ ಶೋಧಕ ಗಾಜನ್ನು ಅಗ್ಗದ ತಯಾರಿಕೆಯಲ್ಲಿ ಬಿಟ್ಟುಬಿಡುವುದುಂಟು. ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯು 2010ರಲ್ಲಿ ವರದಿಮಾಡಿದ ಒಂದು ಸೂಚಿಯಿಂದ ಸುಮಾರು 20 ಮಿಲಿವ್ಯಾಟ್ ಅವಕೆಂಪು ಸೋರುತ್ತಿತ್ತು. ಕಾಣದ ಬೆಳಕಿಗೆ ರೆಪ್ಪೆ ಮುಚ್ಚಿಕೊಳ್ಳುವುದಿಲ್ಲವಷ್ಟೆ!

ಇನ್ನು ವಿಮಾನಗಳ ವಿಚಾರ. ಕೆಲವು ಕಿಲೋಮೀಟರ್ ದೂರದಲ್ಲಿ ಕಿರಣವು ಮೀಟರುಗಟ್ಟಲೆ ಹಿಗ್ಗಿ, ಚಾಲಕನ ಮುಂದಿನ ಗಾಜನ್ನೆಲ್ಲ ಬೆಳಗಿ ಅವನ ದೃಷ್ಟಿಯನ್ನು ಮಂಕುಗೊಳಿಸಬಲ್ಲದು. ವಿಮಾನದತ್ತ ಲೇಸರ್ ತೋರುವುದನ್ನು ಅಮೆರಿಕದ ಕಾನೂನು 2012ರಲ್ಲಿಯೇ ಅಪರಾಧವೆಂದು ಸಾರಿತು. ಆದಕಾರಣ ಮೊದಲು ಆಕಾಶವನ್ನು ಸುತ್ತಲೂ ನೋಡಿ, ಗುಂಡಿಯನ್ನು ಒಂದೆರಡು ಕ್ಷಣ ಮಾತ್ರ ಒತ್ತತಕ್ಕದ್ದು. ಸಮೀಪದಲ್ಲಿ ಯಾರಾದರೂ ನಕ್ಷತ್ರಗಳ ಛಾಯಾಚಿತ್ರ ತೆಗೆಯುತ್ತಿದ್ದರೆ ಸೂಚಿಯು ಪೆಟ್ಟಿಗೆಯಲ್ಲಿಯೇ ಇರಲಿ; ಒಂದು ಹಸಿರು ಗೆರೆ ಅವರ ಶ್ರಮವನ್ನೆಲ್ಲ ಕೆಡಿಸೀತು.