ಥರ್ಮಾಕೋಲಿನಲ್ಲಿ ಜೀವಕೋಶ ಇಲ್ಲ

ರಜೆಗೆ ಸಾಲಗುಂದಕ್ಕೆ ಹೋದಾಗ ಎಂಟನೇ ತರಗತಿ ಓದುವ ಅಣ್ಣನ ಮಗಳು ಥರ್ಮಾಕೋಲ್ ಕೊರೆಯುತ್ತ ಕೂತಿದ್ದಳು. ಶೀಟು, ಬಣ್ಣ, ಅಂಟು ಎಲ್ಲ ಸಿಂಧನೂರಿನಿಂದ ಬಂದಿದ್ದವು.

‘ಏನವ್ವ ಇದು?’

‘ಜೀವಕೋಶ, ಕಾಕಾ. ಚೆಂದ ಮಾಡಿದ್ರ ಐದು ಮಾರ್ಕ್ಸು.’

‘ಖರೇ ಜೀವಕೋಶ ನೋಡೀಯೇನು?’

‘ಅದು ಕಣ್ಣಿಗೆ ಕಾಣಂಗಿಲ್ಲಂತ.’

ನನ್ನ ತಕರಾರು ಇಲ್ಲಿಂದಲೇ ಶುರು. ಕಾಣದ್ದನ್ನು ಕಾಣಿಸುವುದೇ ವಿಜ್ಞಾನ. ನಾವು ಅದನ್ನು ಕತ್ತರಿ-ಅಂಟಿನ ಕೆಲಸ ಮಾಡಿಬಿಟ್ಟಿದ್ದೇವೆ. ಅವ್ವನ ಅರ್ಧ ದಿನದ ನಾಟಿ ಕೂಲಿಯನ್ನು ಥರ್ಮಾಕೋಲಿಗೆ ಸುರಿಯಲಾಗದ ಹುಡುಗಿಗೆ ಮಾರ್ಕ್ಸು ಕಡಿಮೆ. ಇದು ಪಾಠವಲ್ಲ, ಅನ್ಯಾಯ.

ಆ ರಾತ್ರಿ ಆಲೂಗಡ್ಡಿಯನ್ನು ಬೆರಳಿನಂತೆ ಉದ್ದಕ್ಕೆ ಹೆಚ್ಚಿದೆವು. ಕೆಲವು ಹೋಳು ಬರೀ ನೀರಿಗೆ, ಕೆಲವು ಗಟ್ಟಿ ಉಪ್ಪುನೀರಿಗೆ. ಬೆಳಿಗ್ಗೆ ನೋಡಿದರೆ ಮೊದಲ ಬಟ್ಟಲಿನವು ಸೆಟೆದು ನಿಂತಿದ್ದವು. ಎರಡನೆಯವು ಹಗ್ಗದಂತೆ ಬಾಗುತ್ತಿದ್ದವು. ಹುಡುಗಿ ಬಾಯಿ ತೆರೆಯುವ ಮೊದಲೇ ನಮ್ಮಪ್ಪ ಅಂದರು: ‘ನಮ್ಮ ಸವಳು ಹೊಲದಾಗೂ ಹಿಂಗ. ನೀರು ನಿಂತಿರತದ, ಪೈರು ಬಾಡತದ.’

ತುಂಗಭದ್ರಾ ಎಡದಂಡೆ ಕಾಲುವೆ ನಮ್ಮ ತಾಲೂಕಿಗೆ ಭತ್ತ ತಂದಿತು. ನೀರು ಬಸಿದುಹೋಗದ ಕಡೆ ಸವಳನ್ನೂ ತಂದಿತು. ಬೇರಿನ ಜೀವಕೋಶದೊಳಗಿನ ರಸಕ್ಕಿಂತ ಹೊರಗಿನ ನೀರಿನಲ್ಲಿ ಉಪ್ಪು ಹೆಚ್ಚಾದರೆ ನೀರು ಒಳಗೆ ಬರುವುದಿಲ್ಲ, ಒಳಗಿದ್ದದ್ದೂ ಹೊರಗೆ ಹೋಗುತ್ತದೆ. ಪುಸ್ತಕ ಇದನ್ನು ಅಭಿಸರಣ ಎನ್ನುತ್ತದೆ. ಆ ಪದಕ್ಕೆ ವ್ಯಾಖ್ಯೆ ಬರೆದು ಎರಡು ಅಂಕ ಪಡೆದ ಮಗುವಿಗೆ, ತಾತನ ಹೊಲ ಹಾಳಾದದ್ದೂ ಅದೇ ಕಾರಣದಿಂದ ಎಂದು ಯಾರೂ ಹೇಳಿರುವುದಿಲ್ಲ. ಎರಡು ಬದುಕು, ಎರಡು ಭಾಷೆ. ನಡುವೆ ಸೇತುವೆ ಇಲ್ಲ.

‘ಸೂಕ್ಷ್ಮದರ್ಶಕ ಎಲ್ಲಿಂದ ತರೋಣ?’ ಎನ್ನುವವರಿದ್ದಾರೆ. 1665ರಲ್ಲಿ ರಾಬರ್ಟ್ ಹುಕ್ ನೋಡಿದ್ದು ಬಾಟಲಿಗೆ ಬಿರಡೆ ಮಾಡುವ ಕಾರ್ಕಿನ ಚೂರನ್ನು. ಸೂಕ್ಷ್ಮಜೀವಿಗಳನ್ನು ಮೊದಲು ಕಂಡ ಲೇವೆನ್‌ಹುಕ್ ಬಟ್ಟೆ ವ್ಯಾಪಾರಿ. 2014ರಲ್ಲಿ ಸ್ಟ್ಯಾನ್‌ಫರ್ಡಿನ ಮನು ಪ್ರಕಾಶ್ ಮತ್ತು ಸಂಗಡಿಗರು ಕಾಗದ ಮಡಚಿ ಮಾಡುವ ಫೋಲ್ಡ್‌ಸ್ಕೋಪನ್ನು ಜಗತ್ತಿನ ಮುಂದಿಟ್ಟರು. ಅದರ ಬಿಡಿಭಾಗಗಳ ವೆಚ್ಚ ಒಂದು ಡಾಲರಿಗಿಂತ ಕಡಿಮೆ. ಅದರಡಿ ಕೆಂಪು ಉಳ್ಳಾಗಡ್ಡಿಯ ನೇರಳೆ ಪೊರೆ ಇಟ್ಟರೆ ಬಣ್ಣ ಹಾಕುವುದೂ ಬೇಡ, ಇಟ್ಟಿಗೆ ಜೋಡಿಸಿದಂತೆ ಕೋಶಗಳು ಕಾಣುತ್ತವೆ. ಒಂದು ಹನಿ ಉಪ್ಪುನೀರು ಬಿಟ್ಟರೆ ನೇರಳೆ ರಸ ಕುಗ್ಗಿ ಗೋಡೆಯಿಂದ ಸರಿಯುವುದೂ ಕಾಣುತ್ತದೆ. ಬಾಡಿದ ಆಲೂಗಡ್ಡಿಯ ಗುಟ್ಟು ಅಷ್ಟೇ.

ಹಾಗೆಂದು ಅಡುಗೆಮನೆ ಇದೆ, ಪ್ರಯೋಗಾಲಯ ಬೇಡ ಎಂದು ಸರ್ಕಾರ ಕೈತೊಳೆದುಕೊಳ್ಳುವ ಹಾಗಿಲ್ಲ. ಕಲ್ಯಾಣ ಕರ್ನಾಟಕದ ಹೆಸರಿನಲ್ಲಿ ಶಾಲೆಗೆ ಕೋಣೆಗಳು ಏಳುವಾಗ ಒಳಗೆ ಸೂಕ್ಷ್ಮದರ್ಶಕವೂ ಬರಲಿ. ಆದರೆ ಅದು ಬರುವತನಕ ಮಕ್ಕಳು ಬೆಳೆಯುವುದನ್ನು ನಿಲ್ಲಿಸುವುದಿಲ್ಲ. ಉಪ್ಪು, ನೀರು, ಆಲೂಗಡ್ಡಿ ಎಲ್ಲರ ಮನೆಯಲ್ಲೂ ಇವೆ. ಇಲ್ಲದ್ದು ಮಗುವಿನ ಪಕ್ಕ ಕೂತು ‘ಯಾಕ ಹಿಂಗಾತು?’ ಎಂದು ಕೇಳುವ ದೊಡ್ಡವರು.

ಮಾದರಿಗೆ ಐದು ಅಂಕ ಬಂತಂತೆ. ಆಲೂಗಡ್ಡಿಗೆ ಅಂಕವಿಲ್ಲ. ಆದರೂ ಹುಡುಗಿ ಮೊನ್ನೆ ಫೋನಿನಲ್ಲಿ ಕೇಳಿದಳು: ‘ಕಾಕಾ, ಹಂಗಾರ ಸವಳು ತೊಳೀಬೇಕಂದ್ರ ಏನು ಮಾಡಬೇಕು?’