ತೊಟ್ಟಿಲ ಊರಿನಲ್ಲಿ ಟಾಪಿಕ್ ಸಿಗುತ್ತಿಲ್ಲವಂತೆ!

ಕಲಘಟಗಿಯ ಬಸ್ ಸ್ಟ್ಯಾಂಡಿನ ಹತ್ತಿರ ಚಹಾ ಕುಡಿಯಲು ಕುಳಿತರೆ ತಿಂಗಳಿಗೊಮ್ಮೆಯಾದರೂ ಈ ಪ್ರಶ್ನೆ ಕಿವಿಗೆ ಬೀಳುತ್ತದೆ. "ಸರ, ಒಂದು ವೆಬ್‌ಸೈಟ್ ಮಾಡೂಣಂತ ಮಾಡೇನ್ರಿ. ಯಾವ ಟಾಪಿಕ್ ಮ್ಯಾಲೆ ಬರದ್ರ ಜಾಸ್ತಿ ರೊಕ್ಕ ಬರ್ತೈತ್ರಿ?" ಕೇಳುವವನು ಡಿಗ್ರಿ ಮುಗಿಸಿದ ಹುಡುಗ. ಸೈಟಿನ ಹೆಸರು ಕೊಂಡಾಗಿದೆ, ಗೆಳೆಯನ ಕೈಲಿ ಲೋಗೋ ಮಾಡಿಸಿಯಾಗಿದೆ. ಏನು ಬರೆಯಬೇಕು ಎಂಬುದೊಂದೇ ಬಾಕಿ. ತಲಬಾಗಿಲು ಮಾಡಿಸಿ ತೋರಣ ಕಟ್ಟಿ, ಆಮೇಲೆ ಮನೆ ಎಲ್ಲಿ ಕಟ್ಟಲಿ ಎಂದು ಊರವರನ್ನು ಕೇಳಿದ ಹಾಗಾಯಿತು.

ಮೊದಮೊದಲು ಸಮಾಧಾನದಿಂದ ಉತ್ತರಿಸುತ್ತಿದ್ದೆ. ಈಗ ಬೈಯುತ್ತೇನೆ. ಈ ಪ್ರಶ್ನೆಯಲ್ಲೇ ಸೋಮಾರಿತನವಿದೆ. ರೊಕ್ಕ ಕೊಡುವ ಟಾಪಿಕ್ ಎಲ್ಲೋ ಸಂತೆಯಲ್ಲಿ ಮಾರಾಟಕ್ಕಿದೆ, ಯಾರೋ ತಿಳಿದವರು ಅದರ ಹೆಸರು ಹೇಳಿದರೆ ಸಾಕು, ತಾನು ಏನನ್ನೂ ಕಲಿಯದೆ ಅದನ್ನು ಹೊತ್ತು ತರಬಹುದು ಎಂಬ ನಂಬಿಕೆ ಅದರೊಳಗೆ ಬೆಚ್ಚಗೆ ಮಲಗಿದೆ.

ಕೊನೆಗೆ ಇವರು ಆರಿಸುವುದು ಏನನ್ನು ಎಂಬುದು ಗೊತ್ತೇ ಇದೆ. ಸರ್ಕಾರಿ ಯೋಜನೆ, ಸರ್ಕಾರಿ ನೌಕರಿ, ಇಂದಿನ ಚಿನ್ನದ ದರ, ಬಿಗ್ ಬಾಸ್. 2023ರ ಆಗಸ್ಟ್ 30ರಂದು ಗೃಹಲಕ್ಷ್ಮಿ ಯೋಜನೆಗೆ ಚಾಲನೆ ಸಿಕ್ಕ ಮೇಲಂತೂ ಈ ತರಹದ ಸೈಟುಗಳಿಗೆ ಮಳೆಗಾಲವೇ ಬಂತು. ಶೀರ್ಷಿಕೆ ನೋಡಿ: "ನಿಮ್ಮ ಖಾತೆಗೆ ಹಣ ಜಮಾ ಆಯ್ತಾ? ಇಲ್ಲಿ ಚೆಕ್ ಮಾಡಿ." ಒಳಗೆ ಹೋದರೆ ಎಂಟು ಪ್ಯಾರಾ ಪೀಠಿಕೆ, ನಡುನಡುವೆ ಜಾಹೀರಾತು, ವಾಟ್ಸ್ಯಾಪ್ ಗ್ರೂಪಿಗೆ ಸೇರಿ ಎಂಬ ಹಸಿರು ಬಟನ್. ಚೆಕ್ ಮಾಡುವ ಜಾಗ ಮಾತ್ರ ಎಲ್ಲೂ ಇಲ್ಲ. ದುಮ್ಮವಾಡದಲ್ಲೋ ಮಿಶ್ರಿಕೋಟಿಯಲ್ಲೋ ಎರಡು ಸಾವಿರ ರೂಪಾಯಿಗೆ ಕಾದು ಕುಳಿತ ತಾಯಿಯೊಬ್ಬಳು ಮೊಮ್ಮಗನ ಕೈಲಿ ಅದನ್ನು ಒತ್ತಿಸುತ್ತಾಳೆ, ಏನೂ ಸಿಗದೆ ಮೊಬೈಲ್ ಕೆಳಗಿಡುತ್ತಾಳೆ. ತಮ್ಮಾ, ಆ ತಾಯಿಯನ್ನು ಬಾಗಿಲತನಕ ಕರೆದು ಬರಿಗೈಲಿ ಕಳಿಸಿದ್ದಕ್ಕೆ ನಿನಗೆ ಬಂದದ್ದು ಎಷ್ಟು ಪೈಸೆ?

ಲೆಕ್ಕ ಹಾಕೋಣ. ನೀವು ಯಾರೂ ಹಾಕದ ಲೆಕ್ಕ ಇದು. ಗೂಗಲ್ ಆಡ್‌ಸೆನ್ಸ್ ಜಾಹೀರಾತಿನ ಹಣದಲ್ಲಿ ಸೈಟಿನವನಿಗೆ ನೂರಕ್ಕೆ ಸುಮಾರು 68 ಕೊಡುತ್ತದೆ ನಿಜ. ಆದರೆ ಆ ನೂರು ಎಷ್ಟು ದೊಡ್ಡದು ಎಂಬುದನ್ನು ನಿರ್ಧರಿಸುವವರು ಜಾಹೀರಾತು ಕೊಡುವವರು. ಅವರು ಹರಾಜಿನಲ್ಲಿ ಕೂಗುತ್ತಾರೆ. ಏನನ್ನೋ ಕೊಳ್ಳಲು ಬಂದ ಓದುಗನಿಗೆ ಹೆಚ್ಚು ಕೂಗು, ಸುಮ್ಮನೆ ಇಣುಕಿ ಹೋಗುವವನಿಗೆ ಕಡಿಮೆ. ಲೆಕ್ಕಕ್ಕೆಂದು ಸಾವಿರ ಸಲ ಪುಟ ತೆರೆದರೆ ಮೂವತ್ತು ರೂಪಾಯಿ ಎಂದು ಹಿಡಿಯಿರಿ. ನೂರು ಡಾಲರ್ ಕೂಡುವ ತನಕ ಗೂಗಲ್ ಹಣ ಕಳಿಸುವುದಿಲ್ಲ. ಅದು ಎಂಟು ಸಾವಿರ ರೂಪಾಯಿಗೂ ಹೆಚ್ಚು. ಅಂದರೆ ಎರಡೂವರೆ ಲಕ್ಷಕ್ಕಿಂತ ಹೆಚ್ಚು ಸಲ ಯಾರಾದರೂ ನಿನ್ನ ಪುಟ ತೆರೆಯಬೇಕು. ಹತ್ತು ಡಾಲರ್ ಆದಾಗ ವಿಳಾಸ ಖಾತ್ರಿಗೆಂದು ಅಂಚೆಯಲ್ಲಿ ಒಂದು ಪಿನ್ ಬರುತ್ತದೆ. ನಾನು ಕಂಡ ಬಹುಪಾಲು ಹುಡುಗರ ಸಾಧನೆ ಆ ಲಕೋಟೆಯ ಫೋಟೋವನ್ನು ಸ್ಟೇಟಸ್‌ಗೆ ಹಾಕುವಲ್ಲಿಗೆ ಮುಗಿಯಿತು. ಆಮೇಲಿನ ತೊಂಬತ್ತು ಡಾಲರ್ ಬರಲೇ ಇಲ್ಲ.

ಇನ್ನೂ ಒಂದು ಏಟು ಬಿದ್ದಿದೆ. 2024ರ ಮಾರ್ಚ್‌ನಲ್ಲಿ ಗೂಗಲ್ ತನ್ನ ನಿಯಮ ಬಿಗಿ ಮಾಡಿತು. ಹುಡುಕಾಟದಲ್ಲಿ ಮೇಲೆ ಬರಬೇಕೆಂಬ ಒಂದೇ ಆಸೆಗೆ, ಓದುಗನಿಗೆ ಉಪಯೋಗವಿಲ್ಲದ ಪುಟಗಳನ್ನು ರಾಶಿಗಟ್ಟಲೆ ಸುರಿಯುವ ಸೈಟುಗಳನ್ನು ಕೆಳಗೆ ತಳ್ಳುತ್ತೇನೆ, ಬೇಕಾದರೆ ತೆಗೆದೇ ಹಾಕುತ್ತೇನೆ ಎಂದಿತು. ಯಂತ್ರ ಬರೆದದ್ದೋ ಮನುಷ್ಯ ಬರೆದದ್ದೋ ಎಂಬುದು ಅಲ್ಲಿ ಮುಖ್ಯವಲ್ಲ. ಇಂಗ್ಲಿಷ್ ಲೇಖನವನ್ನು ಯಂತ್ರಕ್ಕೆ ಹಾಕಿ ಕನ್ನಡ ತೆಗೆದು ದಿನಕ್ಕೆ ಹತ್ತು ಪುಟ ಏರಿಸುತ್ತೇನೆ ಎನ್ನುವ ಜಾಣರೇ, ಬಾಗಿಲು ಮುಚ್ಚುತ್ತಿರುವ ಮನೆಗೆ ನೀವು ಬಾಡಿಗೆ ಮುಂಗಡ ಕೊಡುತ್ತಿದ್ದೀರಿ.

ಬಾಜೂ ಹೊಲದವನು ಗೋವಿನಜೋಳ ಹಾಕಿದನೆಂದು ತಾನೂ ಹಾಕುವ ರೈತನನ್ನು ನಾವು ಆಡಿಕೊಳ್ಳುತ್ತೇವೆ. ಎಲ್ಲರ ಮಾಲೂ ಒಟ್ಟಿಗೆ ಪೇಟೆಗೆ ಬಂದರೆ ಏನಾಗುತ್ತದೆ ಎಂಬುದು ಈ ಭಾಗದವರಿಗೆ ಪುಸ್ತಕ ಓದಿ ತಿಳಿಯಬೇಕಿಲ್ಲ. 2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದರ ಬಿದ್ದಾಗ ಎಪಿಎಂಸಿ ಕಚೇರಿಯ ಮುಂದೆ ವಾಹನಗಳಿಗೆ ಬೆಂಕಿ ಬಿತ್ತು. ರೈತನಿಗಾದರೂ ನೆಲ, ನೀರು, ಬೀಜ, ಸಾಲ ಎಂಬ ಕಟ್ಟುಗಳಿವೆ. ಅವನು ಹಾಗೆ ಮಾಡಿದ್ದಕ್ಕೆ ಕಾರಣ ಕೊಡಬಲ್ಲ. ನಿನಗೆ ಯಾವ ಕಟ್ಟು? ವರ್ಷಕ್ಕೆ ಒಂದು ಸಾವಿರ ರೂಪಾಯಿಯಷ್ಟರ ಹೆಸರು, ಒಂದು ಮೊಬೈಲ್. ಯಾವ ಬೆಳೆ ಬೇಕಾದರೂ ಬಿತ್ತಬಹುದಾದ ಹೊಲದಲ್ಲಿ ನೀನು ಮತ್ತೊಬ್ಬನ ಕಸವನ್ನೇ ತಂದು ನಾಟಿ ಮಾಡಿದೆ.

ಈಗ ಅಂಗೈಯೊಳಗಿನ ಬೆಣ್ಣೆಯ ಮಾತು.

ಕಲಘಟಗಿ ಎಂದರೆ ತೊಟ್ಟಿಲು. ಸಾಗವಾನಿ ಕಟ್ಟಿಗೆ, ಅರಗಿನ ಬಣ್ಣ, ಸುತ್ತಲೂ ಕೃಷ್ಣನ ಬಾಲಲೀಲೆ, ರಾಮಾಯಣದ ಚಿತ್ರ. ಇದು ಈ ಊರಿನ ಕೆಲವೇ ಮನೆಗಳಲ್ಲಿ ಉಳಿದ ವಿದ್ಯೆ. ನಟ ಅಂಬರೀಶ್ ತೀರಿಹೋಗುವ ಮೊದಲು ಯಶ್ ಮತ್ತು ರಾಧಿಕಾ ಪಂಡಿತ್ ಅವರ ಮಗುವಿಗೆಂದು ಇಲ್ಲಿ ಹೇಳಿ ಮಾಡಿಸಿದ ತೊಟ್ಟಿಲು 2019ರಲ್ಲಿ ಅವರ ಮನೆ ಸೇರಿದಾಗ ರಾಜ್ಯವೆಲ್ಲ ಅದೇ ಸುದ್ದಿ. ನಮ್ಮ ಹುಡುಗರೂ ಬರೆದರು. ಎಲ್ಲರೂ ಅದೇ ನಾಲ್ಕು ಸಾಲು, ಅದೇ ಫೋಟೋ. ಅದನ್ನು ಓದಿ ಬೆಂಗಳೂರಿನಲ್ಲೋ ಪುಣೆಯಲ್ಲೋ ಅಮೆರಿಕದಲ್ಲೋ ಮೊದಲ ಮೊಮ್ಮಗುವಿಗೆ ಕಾಯುತ್ತಿದ್ದ ಅಜ್ಜಿಯೊಬ್ಬಳಿಗೆ ಆಸೆ ಹುಟ್ಟಿದ್ದರೆ, ಅವಳ ಮುಂದಿನ ಪ್ರಶ್ನೆಗಳಿಗೆ ಉತ್ತರ ಯಾರ ಬಳಿ ಇತ್ತು?

ಎಷ್ಟು ತಿಂಗಳು ಮೊದಲು ಹೇಳಬೇಕು? ಮುಂಗಡ ಎಷ್ಟು? ಬಣ್ಣ ಅರಗಿನದೋ, ಅಂಗಡಿ ಪೇಂಟೋ? ಎರಡರ ವ್ಯತ್ಯಾಸ ಕಣ್ಣಿಗೆ ಹೇಗೆ ಗೊತ್ತಾಗುತ್ತದೆ? ಹಲ್ಲು ಬರುವ ಕೂಸು ಕಟ್ಟಿಗೆ ಕಚ್ಚಿದರೆ ಏನಾದರೂ ಆದೀತೇ? ಬಿಚ್ಚಿ ಜೋಡಿಸಬಹುದೇ? ತೂಕ ಎಷ್ಟು, ಲಾರಿಗೆ ಹಾಕುವಾಗ ಹೇಗೆ ಕಟ್ಟಬೇಕು? ಫ್ಲ್ಯಾಟಿನ ಸೂರಿನಲ್ಲಿ ಕೊಂಡಿ ಇಲ್ಲದಿದ್ದರೆ ತೂಗುಹಾಕುವುದೆಲ್ಲಿ? ರಾಮಾಯಣದ ಬದಲು ಬಸವಣ್ಣನ ಚಿತ್ರ ಬರೆದುಕೊಡುತ್ತಾರೆಯೇ? ಅತ್ತೆ ಮನೆಯ ಅಟ್ಟದ ಮೇಲಿನ ಹಳೆಯ ತೊಟ್ಟಿಲಿಗೆ ಮತ್ತೆ ಬಣ್ಣ ಏರಿಸಬಹುದೇ?

ಎಣಿಸು, ಹತ್ತಕ್ಕೂ ಹೆಚ್ಚಾಯಿತು. ಒಂದೊಂದೂ ಒಂದೊಂದು ಪುಟ. ಉತ್ತರ ಇರುವುದು ನೀನು ಚಹಾ ಕುಡಿಯುವ ಜಾಗದಿಂದ ನಡೆದು ಹೋಗುವಷ್ಟು ದೂರದಲ್ಲಿ. ಒಂದು ದಿನ ಕುಶಲಕರ್ಮಿಯ ಅಂಗಳದಲ್ಲಿ ಕುಳಿತು ಕೇಳಿದ್ದೀಯಾ? ಇಲ್ಲ. "ಅದೇನ್ ಸರ, ಹಳೇ ಕಾಲದ್ದು, ಯಾರು ಓದ್ತಾರ್ರಿ" ಎಂದವನು ನೀನೇ.

ಓದುವವರು ಕಡಿಮೆ, ಒಪ್ಪುತ್ತೇನೆ. ಆದರೆ ಈ ಪುಟಕ್ಕೆ ಬರುವವಳು ಹೊತ್ತು ಕಳೆಯಲು ಬಂದವಳಲ್ಲ, ಸೆರಗಿನಲ್ಲಿ ರೊಕ್ಕ ಕಟ್ಟಿಕೊಂಡು ಬಂದವಳು. ಚಿನ್ನದ ದರ ನೋಡಿ ಹೋಗುವ ಸಾವಿರ ಜನರಿಗಿಂತ ತೊಟ್ಟಿಲು ಕೊಳ್ಳಲು ಬಂದ ಒಬ್ಬಳು ಹೆಚ್ಚು. ಕೆಲಸಗಾರರ ಜೊತೆ ಮೊದಲೇ ಬಾಯಿ ಬಿಟ್ಟು ಮಾತಾಡಿ, ಆರ್ಡರಿಗೆ ಇಷ್ಟು ಎಂದು ಬರೆದಿಟ್ಟುಕೋ. ಹಾಗೆಂದು ಅವರ ಹೊಟ್ಟೆಯ ಮೇಲೆ ಕೂತು ಉಣ್ಣುವ ದಲ್ಲಾಳಿ ಆಗಬೇಡ. ಆ ಜಾತಿಯವರು ನಮ್ಮಲ್ಲಿ ಆಗಲೇ ಸಾಕಷ್ಟಿದ್ದಾರೆ.

ತೊಟ್ಟಿಲೊಂದರಿಂದ ಸೈಟು ಎಷ್ಟು ದಿನ ನಡೆದೀತು ಎನ್ನುತ್ತೀಯಾ? ನಿನ್ನ ಅವ್ವನನ್ನು ಕೇಳು. ತೊಟ್ಟಿಲಿಗೂ ಮೊದಲು ಕುಬಸ ಇದೆ. ಆಮೇಲೆ ಬಾಣಂತನ, ಅಂಟಿನ ಉಂಡಿ, ತೊಟ್ಟಿಲಿಗೆ ಹಾಕುವ ಕಾರ್ಯ, ಹೆಸರಿಡುವುದು, ಕುಂಚಗಿ, ಕೌದಿ, ಉಡದಾರ, ಬೆಳ್ಳಿ ಕಡಗ. ಕಾಡಂಚಿನ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿಯೇ ಒಂದು ಲೋಕ. ಒಂದು ಮಗು ಹುಟ್ಟುವ ಮನೆಯಲ್ಲಿ ಆ ವರ್ಷ ಏನೇನು ಕೊಳ್ಳುತ್ತಾರೆ ಎಂದು ಪಟ್ಟಿ ಮಾಡಿದರೆ ಜಾಹೀರಾತಿನವರು ಯಾಕೆ ಅಲ್ಲಿ ಹೆಚ್ಚು ಕೂಗುತ್ತಾರೆ ಎಂಬುದು ತಾನಾಗಿ ತಿಳಿಯುತ್ತದೆ. ಲಾಭದ ವಿಷಯ ಎಂದರೆ ಇದು. ಒಬ್ಬರ ಬದುಕಿನ ಒಂದು ಗಟ್ಟಿ ಅಗತ್ಯ, ಅದರ ಸುತ್ತ ಖರ್ಚಾಗುವ ಹಣ, ಅದರ ಬಗ್ಗೆ ನಿನಗಷ್ಟೇ ಸಿಗುವ ತಿಳಿವಳಿಕೆ. ಮೂರೂ ಒಂದೇ ಕಡೆ ಕೂಡಬೇಕು. ಬಾಣಂತಿಯ ಮದ್ದಿನ ವಿಷಯಕ್ಕೆ ಮಾತ್ರ ಡಾಕ್ಟರರನ್ನು ಕೇಳದೆ ಒಂದು ಸಾಲೂ ಬರೆಯಬೇಡ.

ಹುಡುಗರನ್ನಷ್ಟೇ ಬೈದರೆ ಅನ್ಯಾಯವಾದೀತು. ಹಿರಿಯರೇ, ನಿಮ್ಮ ಸರದಿ. ವೇದಿಕೆ ಸಿಕ್ಕರೆ "ನಮ್ಮ ತೊಟ್ಟಿಲು ಜಗತ್ಪ್ರಸಿದ್ಧ" ಎನ್ನುತ್ತೀರಿ. ಜಗತ್ತು ಅದರ ಬಗ್ಗೆ ಏನಾದರೂ ಕೇಳಿದರೆ ತೋರಿಸಲು ಕನ್ನಡದಲ್ಲಿ ಒಂದು ನೆಟ್ಟಗಿನ ಪುಟ ಇದೆಯೇ ಎಂದು ಎಂದಾದರೂ ನೋಡಿದ್ದೀರಾ? ನಮ್ಮದೇ ಜಿಲ್ಲೆಯ ನವಲಗುಂದದ ಜಮಖಾನಕ್ಕೆ 2011ರಲ್ಲೇ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಆದರೂ ನೇಯುವ ಹೆಣ್ಣುಮಕ್ಕಳ ಸಂಖ್ಯೆ ಇಳಿಯುತ್ತಲೇ ಬಂತು. ಪ್ರಮಾಣಪತ್ರ ಗೋಡೆಗೆ ಚಂದ. ಕೊಳ್ಳುವವನಿಗೂ ಮಾಡುವವನಿಗೂ ನಡುವೆ ದಾರಿ ಬೇಕು. ಆ ದಾರಿ ಹಾಕುವ ಹುಡುಗನಿಗೆ "ಇದೆಲ್ಲಾ ಬಿಟ್ಟು ಪರೀಕ್ಷೆಗೆ ಓದು" ಎಂದವರೂ ನೀವೇ.

ಒಂದೇ ವಿಷಯ ಹಿಡಿದು ಕನ್ನಡದಲ್ಲಿ ಬಾಳಿದವರು ಇಲ್ಲವೆಂದು ಹೇಳಬೇಡಿ. 1988ರಲ್ಲಿ ಪುತ್ತೂರಿನಲ್ಲಿ 'ಅಡಿಕೆ ಪತ್ರಿಕೆ' ಶುರುವಾದಾಗ ಅಡಿಕೆಗೊಂದು ಪತ್ರಿಕೆಯೇ ಎಂದು ನಕ್ಕವರು ಇದ್ದಿರಲೇಬೇಕು. ಶ್ರೀ ಪಡ್ರೆಯವರ ಸಂಪಾದಕತ್ವದಲ್ಲಿ ಅವರು ಮಾಡಿದ್ದು ಇಷ್ಟು: ಕೃಷಿಕನ ಕೈಗೇ ಲೇಖನಿ ಕೊಟ್ಟರು. ತೋಟದಲ್ಲಿ ಮಾಡಿ ನೋಡಿದವನೇ ಬರೆಯಬೇಕು, ಓದಿದವನು ಬರೆದವನನ್ನು ಸಂಪರ್ಕಿಸುವಂತಿರಬೇಕು. ಅಡಿಕೆಯಿಂದ ಹಲಸಿಗೆ ಬಂದರು. ತಿಪ್ಪೆ ಸೇರುತ್ತಿದ್ದ ಹಲಸಿಗೆ ಸಂಚಿಕೆಯ ಮೇಲೆ ಸಂಚಿಕೆ ಮೀಸಲಿಟ್ಟು ಮಾರುಕಟ್ಟೆಯ ದಾರಿ ತೋರಿಸಿದರು. 2021ರಲ್ಲಿ ಬಾಳೆಕಾಯಿ ಹುಡಿಗೆ 'ಬಾಕಾಹು' ಎಂಬ ಹೆಸರು ಕೊಟ್ಟು ಮನೆಮನೆಗೆ ಮುಟ್ಟಿಸಿದರು. ಅಂತರಜಾಲದಲ್ಲೂ ಕನ್ನಡ ತಡವಾಗಿ ಬಂದದ್ದಲ್ಲ. ಯು.ಬಿ. ಪವನಜ ಅವರ 'ವಿಶ್ವಕನ್ನಡ' 1996ರದ್ದು. ಟಿ.ಜಿ. ಶ್ರೀನಿಧಿಯವರ 'ಇಜ್ಞಾನ' 2007ರಿಂದ ವಿಜ್ಞಾನ ತಂತ್ರಜ್ಞಾನವನ್ನೇ ಹಿಡಿದು ಕುಳಿತಿದೆ. ನಿಮ್ಮ ಸೈಟಿನ ಆಯುಷ್ಯ ಎಷ್ಟು? ಗೌರಿ ಹುಣ್ಣಿಮೆಗೆ ಶುರುವಾದದ್ದು ಶಿವರಾತ್ರಿಗೆ ಉಳಿದಿರುತ್ತದೆಯೇ?

ಮತ್ತೊಂದು ನೆನಪು ಮಾಡಿಕೊಡುತ್ತೇನೆ. 2018ರಲ್ಲಿ ಅಮೆರಿಕ ಖಂಡದ ಸೈನಿಕ ಹುಳು ಭಾರತದಲ್ಲಿ ಮೊದಲು ಕಾಣಿಸಿಕೊಂಡದ್ದು ನಮ್ಮದೇ ರಾಜ್ಯದ ಶಿವಮೊಗ್ಗದ ಗೋವಿನಜೋಳದ ಹೊಲದಲ್ಲಿ. ನಮ್ಮ ತಾಲೂಕಿನ ಎಷ್ಟೋ ಮನೆಗಳ ಅನ್ನ ಆ ಬೆಳೆಯಲ್ಲಿದೆ. ಸುಳಿಯೊಳಗೆ ಕೂತ ಹುಳಕ್ಕೆ ಏನು ಮಾಡಬೇಕೆಂದು ರೈತ ಮೊಬೈಲ್ ತೆಗೆದು ಕನ್ನಡದಲ್ಲಿ ಕೇಳುವ ಕಾಲ ಅದಾಗಲೇ ಬಂದಿತ್ತು. ಧಾರವಾಡದಲ್ಲೇ ಕೃಷಿ ವಿಶ್ವವಿದ್ಯಾಲಯ ಇದೆ. ಬಸ್ ಹತ್ತಿದರೆ ಬೆಳಗ್ಗೆ ಹೋಗಿ ಸಂಜೆ ಬರಬಹುದು. ಆ ವಿಜ್ಞಾನಿಗಳ ಮಾತನ್ನು ನಮ್ಮ ಹೊಲದ ಭಾಷೆಗೆ ತಂದು ಹಾಕಿದವನಿಗೆ ಬೀಜ, ಗೊಬ್ಬರ, ಉಪಕರಣದ ಜಾಹೀರಾತು ತಾನಾಗಿ ಬರುತ್ತಿತ್ತು. ಆ ಬಸ್ ಹತ್ತಿದ ಒಬ್ಬ ಹುಡುಗನೂ ನನಗೆ ಸಿಕ್ಕಿಲ್ಲ.

ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎಂದು ನಗುವುದು ನಮ್ಮ ರೂಢಿ. ಈ ಕಸುಬಿನಲ್ಲಿ ಎಡವಟ್ಟನೇ ಉಣ್ಣುತ್ತಾನೆ. ಆದರೆ ಅವನ ದಾರಿಗೂ ಪರೀಕ್ಷೆ ಇದೆ. ಮನಸ್ಸಿಗೆ ಬಂದದ್ದೆಲ್ಲ ಲಾಭವಾಗುವುದಿಲ್ಲ. ಹುಡುಕುವ ಪೆಟ್ಟಿಗೆಯಲ್ಲಿ ನಿನ್ನ ವಿಷಯದ ಮೊದಲೆರಡು ಪದ ಬರೆದು ನೋಡು, ಜನ ಮುಂದೇನು ಕೇಳುತ್ತಿದ್ದಾರೆ ಎಂದು ಅದೇ ತೋರಿಸುತ್ತದೆ. ಮೇಲೆ ಬಂದ ಐದು ಪುಟ ಪೂರ್ತಿ ಓದು. ಅವುಗಳಿಗಿಂತ ನಿನ್ನ ಉತ್ತರ ಯಾವುದರಲ್ಲಿ ಮೇಲು ಎಂದು ಒಂದು ವಾಕ್ಯದಲ್ಲಿ ಹೇಳಲಾಗದಿದ್ದರೆ ಆ ವಿಷಯ ನಿನ್ನದಲ್ಲ. ಬರೆಯತೊಡಗಿದ ಮೇಲೆ ಯಾವ ಮಾತು ಹುಡುಕಿಕೊಂಡು ಜನ ನಿನ್ನಲ್ಲಿಗೆ ಬಂದರು ಎಂಬುದನ್ನು ಗೂಗಲ್ ಸರ್ಚ್ ಕನ್ಸೋಲ್ ಪುಕ್ಕಟೆ ತೋರಿಸುತ್ತದೆ. ಅದನ್ನು ವಾರಕ್ಕೊಮ್ಮೆ ನೋಡು. ನಿನ್ನೆ ಎಷ್ಟು ಪೈಸೆ ಬಂತೆಂದು ಗಂಟೆಗೊಮ್ಮೆ ನೋಡುವ ಚಟ ಬಿಡು.

ನಾನೂ ಒಂದು ಕಾಲಕ್ಕೆ ಶುಭೋದಯದ ಸಂದೇಶಗಳ ಪುಟ ಮಾಡಿದ್ದೆ. ಹೂವಿನ ಚಿತ್ರ, ಮೇಲೊಂದು ನುಡಿಮುತ್ತು. ಬಂದವರು ಚಿತ್ರ ಇಳಿಸಿಕೊಂಡು ಹೋದರು. ವರ್ಷದ ಕೊನೆಗೆ ಒಬ್ಬರೂ ನನ್ನ ಸೈಟಿನ ಹೆಸರು ನೆನಪಿಟ್ಟಿರಲಿಲ್ಲ. ಬೈಯುವ ಹಕ್ಕು ನನಗೆ ಬಂದದ್ದು ಅಲ್ಲಿಂದ.

ಮುಂದಿನ ಮಂಗಳವಾರ ಅದೇ ಚಹಾದಂಗಡಿಯಲ್ಲಿ ಇರುತ್ತೇನೆ. ಬರುವುದಾದರೆ ಬಾ. ಲೋಗೋ ತೋರಿಸಬೇಡ. ತೊಟ್ಟಿಲು ಮಾಡುವವರ ಅಂಗಳದಲ್ಲೋ, ಅವ್ವನ ಒಲೆಯ ಮುಂದೋ, ಅಪ್ಪನ ಹೊಲದಲ್ಲೋ ಕುಳಿತು ಕೇಳಿ ಬರೆದುಕೊಂಡ ಹತ್ತು ಪ್ರಶ್ನೆ ಮತ್ತು ಹತ್ತು ಉತ್ತರ ಒಂದು ಹಾಳೆಯಲ್ಲಿರಲಿ. ಹಾಳೆ ಇದ್ದರೆ ಸಂಜೆತನಕ ಮಾತಾಡೋಣ. ಇಲ್ಲದಿದ್ದರೆ ಚಹಾ ಕುಡಿ, ಬಿಲ್ಲು ನಾನೇ ಕೊಡುತ್ತೇನೆ, ಟಾಪಿಕ್ ಮಾತ್ರ ಕೇಳಬೇಡ.