ಟಿಕೆಟ್ ಕ್ಲೋಸ್ ಮಾಡುವ ಮುನ್ನ..

ಇಲ್ಲಿ ಏನಾದರೂ ಬರೆದು ತಿಂಗಳುಗಳೇ ಆದವು. ಕೆಲಸ, ರಿಲೀಸು, ಸೋಮಾರಿತನ.. ಕಾರಣಗಳಿಗೇನು ಬರವಿಲ್ಲ ಬಿಡಿ :) ಆದರೆ ಮೊನ್ನೆ ಭಾನುವಾರ ದೊಡ್ಡಮ್ಮನ ಮಗಳು ಫೋನ್ ಮಾಡಿ ಕೇಳಿದ ಒಂದು ಪ್ರಶ್ನೆ ತಲೆಯಿಂದ ಹೋಗ್ತಾನೇ ಇಲ್ಲ. ಮುಟ್ಟಿನ ವಿಷಯ. ಮುಜುಗರ ಪಡದೆ ಓದಿ. ಗಂಡಸರೂ ಓದಿ.

ಅಕ್ಕನ ಮಗಳಿಗೆ ಈಗ 12. ಗರ್ಭಕಂಠದ ಕ್ಯಾನ್ಸರ್ ಬರದಂತೆ ಕೊಡುವ ಎಚ್‌ಪಿವಿ ಲಸಿಕೆ ಹಾಕಿಸಿ ಅಂತ ಡಾಕ್ಟರ್ ಹೇಳಿದ್ದಾರಂತೆ. "ಇವಳು ದೊಡ್ಡವಳಾಗಿ ಇನ್ನೂ ನಾಲ್ಕು ತಿಂಗಳು ಕಣೇ. ಇಂಜೆಕ್ಷನ್ ತಗೊಂಡ್ಮೇಲೆ ಬ್ಲೀಡಿಂಗ್ ಗಿಡಿಂಗ್ ಜಾಸ್ತಿ ಆಗ್ಬಿಟ್ರೆ? ಕೋವಿಡ್ ಟೈಮಲ್ಲಿ ನಿನಗೆ ಆಗಿತ್ತಲ್ಲ?"

"ಏನೂ ಆಗಲ್ಲ ಬಿಡಕ್ಕ" ಅನ್ನೋಕೆ ಬಾಯಿ ತೆರೆದವಳು ಸುಮ್ಮನಾದೆ. ಕಾರಣ ಇದೆ.

2021ರ ಜೂನ್. ಬಿ.ಇ. ಮುಗಿಸಿ ಕೆಲಸಕ್ಕೆ ಸೇರಿ ಒಂದು ವರ್ಷ, ಊರಿನಲ್ಲೇ ಕೂತು ವರ್ಕ್ ಫ್ರಮ್ ಹೋಮ್. ಕೋವಿನ್‌ನಲ್ಲಿ ಸ್ಲಾಟ್ ಹಿಡಿಯಲು ಒಂದು ವಾರ ಗುದ್ದಾಡಿ ಕೋವಿಶೀಲ್ಡ್ ಮೊದಲ ಡೋಸ್ ಹಾಕಿಸಿಕೊಂಡೆ. ಜ್ವರ ಬರಬಹುದು, ಮೈ ಕೈ ನೋವು ಬರಬಹುದು, ಪ್ಯಾರಸಿಟಮಾಲ್ ತಗೊಳ್ಳಿ ಅಂದ್ರು. ಜ್ವರ ಬಂತು, ಹೋಯ್ತು. ಐದನೇ ದಿನಕ್ಕೆ, ಇನ್ನೂ ಹನ್ನೆರಡು ದಿನ ಇದ್ದ ಮುಟ್ಟು ಬಂದೇಬಿಟ್ಟಿತು. ಯಾವತ್ತೂ ಕಾಣದಷ್ಟು ರಕ್ತ. ಒಂಬತ್ತು ದಿನ ನಿಲ್ಲಲಿಲ್ಲ.

ಹೆದರಿಕೊಂಡು ಡಾಕ್ಟರ್‌ಗೆ ಫೋನ್ ಮಾಡಿದೆ. "ಅದಕ್ಕೂ ಇದಕ್ಕೂ ಸಂಬಂಧ ಇಲ್ಲಮ್ಮ, ವಾಟ್ಸಾಪ್ ನೋಡೋದು ಬಿಡಿ" ಅಂದರು. ಅವರದ್ದೂ ಪೂರ್ತಿ ತಪ್ಪಲ್ಲ. ಮುಟ್ಟಿನ ಐದು ದಿನ ಮೊದಲು, ಐದು ದಿನ ನಂತರ ಲಸಿಕೆ ತಗೋಬಾರದು ಅನ್ನೋ ಸುಳ್ಳು ಸಂದೇಶ ಆ ಏಪ್ರಿಲ್‌ನಲ್ಲಿ ಊರೆಲ್ಲ ಓಡಾಡಿ, ಕೇಂದ್ರ ಸರ್ಕಾರದ ಪಿಐಬಿ ಅದು ಸುಳ್ಳು ಅಂತ ಹೇಳಬೇಕಾಗಿ ಬಂದಿತ್ತು. ಆದರೆ ನಾನು ಕೇಳಿದ್ದು ವಾಟ್ಸಾಪ್ ಬಗ್ಗೆ ಅಲ್ಲ, ನನ್ನ ಮೈ ಬಗ್ಗೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಲಾಗ್ ಕೂಡ ನೋಡದೆ "ನಾಟ್ ಎ ಬಗ್" ಅಂತ ಬರೆದು ಟಿಕೆಟ್ ಮುಚ್ಚಿಬಿಟ್ಟರು.

ಆಮೇಲೆ ಗೊತ್ತಾಗಿದ್ದು ಏನೆಂದರೆ, ಇದಕ್ಕೆ ಉತ್ತರ ಆಗ ಯಾರ ಹತ್ತಿರವೂ ಇರಲಿಲ್ಲ. ಲಸಿಕೆಯ ಪ್ರಯೋಗಗಳಲ್ಲಿ ಹೆಂಗಸರ ಕೊನೆಯ ಮುಟ್ಟಿನ ತಾರೀಖು ಕೇಳುತ್ತಿದ್ದದ್ದು ಗರ್ಭಿಣಿಯಲ್ಲ ಅಂತ ಖಾತ್ರಿ ಮಾಡಿಕೊಳ್ಳೋದಕ್ಕೆ. ಚುಚ್ಚಿದ ಮೇಲೆ ಮುಟ್ಟು ಹೇಗಿತ್ತು ಅಂತ ಕೇಳುವ ಕ್ರಮ ಇರಲಿಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಕೇಟ್ ಕ್ಲಾನ್ಸಿ ಎಂಬ ಮಾನವಶಾಸ್ತ್ರಜ್ಞೆಗೆ ಸ್ವತಃ ಹೀಗಾದಾಗ, ಅವರು 2021ರ ಏಪ್ರಿಲ್‌ನಲ್ಲಿ ಕ್ಯಾಥರೀನ್ ಲೀ ಜೊತೆ ಸೇರಿ ಸಮೀಕ್ಷೆ ಶುರು ಮಾಡಿದರು. 2022ರಲ್ಲಿ ಪ್ರಕಟವಾದ ಅದರಲ್ಲಿ 39,000ಕ್ಕೂ ಹೆಚ್ಚು ಜನರ ಉತ್ತರ ಇತ್ತು. ಸರಿಯಾಗಿ ಮುಟ್ಟಾಗುತ್ತಿದ್ದವರಲ್ಲಿ 42% ಮಂದಿ ಲಸಿಕೆ ನಂತರ ಹೆಚ್ಚು ರಕ್ತ ಹೋಯಿತು ಅಂದಿದ್ದರು. ತೊಂದರೆಯಾದವರೇ ಹೆಚ್ಚಾಗಿ ಉತ್ತರಿಸಿರುವ ಸಾಧ್ಯತೆ ಇರೋದರಿಂದ ಇದನ್ನು ಎಲ್ಲ ಹೆಂಗಸರ ಲೆಕ್ಕ ಅಂತ ತಗೊಳ್ಳೋ ಹಾಗಿಲ್ಲ. ಅಲಿಸನ್ ಎಡೆಲ್ಮನ್ ತಂಡ 2022ರ ಜನವರಿಯಲ್ಲಿ, ಲಸಿಕೆ ಪಡೆದವರು ಪಡೆಯದವರು ಸೇರಿ ಸುಮಾರು 4,000 ಜನರ ಮುಟ್ಟಿನ ದಾಖಲೆ ಹೋಲಿಸಿ ನೋಡಿತು. ಸರಾಸರಿ ಬದಲಾವಣೆ ಒಂದು ದಿನಕ್ಕಿಂತ ಕಡಿಮೆ, ಅದೂ ತಾತ್ಕಾಲಿಕ. ಅದೇ ವರ್ಷ ಅಕ್ಟೋಬರ್‌ನಲ್ಲಿ ಯುರೋಪಿನ ಔಷಧ ಸಂಸ್ಥೆಯ ಸುರಕ್ಷತಾ ಸಮಿತಿ, ಫೈಜರ್ ಮತ್ತು ಮಾಡರ್ನಾ ಲಸಿಕೆಗಳ ಅಡ್ಡಪರಿಣಾಮದ ಪಟ್ಟಿಗೆ 'ಹೆಚ್ಚಿನ ಮುಟ್ಟಿನ ಸ್ರಾವ'ವನ್ನು ಸೇರಿಸಲು ಶಿಫಾರಸು ಮಾಡಿತು.

ಅಂದರೆ ಕೆಲವರಿಗೆ ನಿಜವಾಗಿಯೂ ಆಗುತ್ತೆ, ಹೆಚ್ಚಾಗಿ ತಾನಾಗೇ ಸರಿ ಹೋಗುತ್ತೆ. ಇಷ್ಟನ್ನು ಮೊದಲೇ ಹೇಳಿದ್ದರೆ ಆ ಒಂಬತ್ತು ದಿನ ನಾನು ಅಳುತ್ತಾ ಕೂರುತ್ತಿರಲಿಲ್ಲ.

ಇಲ್ಲಿಗೇ ನಿಲ್ಲಿಸಿದ್ದರೆ ಇದು ಡಾಕ್ಟರ್ ಮೇಲಿನ ಸಿಟ್ಟಿನ ಬರಹ ಆಗುತ್ತಿತ್ತು. ಆದರೆ ಇನ್ನೊಂದಿದೆ.

ಅದೇ ಜುಲೈ ಕೊನೆಗೆ ದೊಡ್ಡಮ್ಮ ಫೋನ್ ಮಾಡಿದ್ರು. ಆಗ ಅವರಿಗೆ 57, ಮುಟ್ಟು ನಿಂತು ಐದು ವರ್ಷ. ಎರಡನೇ ಡೋಸ್ ಆಗಿ ಎರಡು ವಾರ ಆಗಿತ್ತು. ಮಳೆ, ತೆಂಗಿನಕಾಯಿ ರೇಟು ಎಲ್ಲ ಮಾತಾಡಿ, ಕೊನೆಗೆ ದನಿ ತಗ್ಗಿಸಿ, "ಪುಟ್ಟಿ, ನನಗೆ ಮತ್ತೆ ಆಗ್ತಿದೆ ಕಣೇ" ಅಂದ್ರು. ನಾನೋ, ಕ್ಲಾನ್ಸಿ ಸಮೀಕ್ಷೆಯ ಸುದ್ದಿ ಓದಿದ್ದ ಮಹಾ ಬುದ್ಧಿವಂತೆ! "ಅಯ್ಯೋ, ಅದು ವ್ಯಾಕ್ಸಿನ್‌ದು ದೊಡ್ಡಮ್ಮ, ನನಗೂ ಆಗಿತ್ತು, ತಾನೇ ನಿಲ್ಲುತ್ತೆ ಬಿಡಿ" ಅಂದೆ. ಅವರೂ ನೆಮ್ಮದಿಯಾಗಿ ಫೋನ್ ಇಟ್ಟರು.

ನಿಲ್ಲಲಿಲ್ಲ. ಬಿಟ್ಟು ಬಿಟ್ಟು ಬರುತ್ತಿತ್ತಂತೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ, ಪುಟ್ಟಿ ಹೇಳಿದ್ದಾಳಲ್ಲ ಅಂತ. ಏಳು ತಿಂಗಳ ನಂತರ ಒಗೆಯೋ ಬಟ್ಟೆ ನೋಡಿ ಅಕ್ಕ ಜಗಳ ಮಾಡಿ ಕರಕೊಂಡು ಹೋದಳು. ಸ್ಕ್ಯಾನಿಂಗ್, ಬಯಾಪ್ಸಿ, ಗರ್ಭಕೋಶದ ಒಳಪದರದ ಕ್ಯಾನ್ಸರ್. ಪುಣ್ಯಕ್ಕೆ ಗರ್ಭಕೋಶ ಬಿಟ್ಟು ಆಚೆ ಹೋಗಿರಲಿಲ್ಲ. ಆಪರೇಷನ್ ಆಯಿತು, ಈಗ ಆರಾಮಾಗಿದ್ದಾರೆ. "ಎಷ್ಟು ದಿನದಿಂದ?" ಅಂತ ಡಾಕ್ಟರ್ ಕೇಳಿದಾಗ ದೊಡ್ಡಮ್ಮ ನನ್ನ ಹೆಸರು ಹೇಳಲಿಲ್ಲವಂತೆ. ಅದು ಇವತ್ತಿಗೂ ಚುಚ್ಚುತ್ತೆ.

ನನ್ನ ಡಾಕ್ಟರ್ ಮಾಡಿದ್ದನ್ನೇ ನಾನೂ ಮಾಡಿದ್ದೆ. ಅವರು "ನಾಟ್ ಎ ಬಗ್" ಅಂದರು, ನಾನು "ಡುಪ್ಲಿಕೇಟ್" ಅಂದೆ. ಎರಡರಲ್ಲೂ ಟಿಕೆಟ್ ಕ್ಲೋಸ್. ನಾರ್ವೆಯಲ್ಲಿ ಮುಟ್ಟಾಗದ 21,000ಕ್ಕೂ ಹೆಚ್ಚು ಹೆಂಗಸರ ಮೇಲೆ ಮಾಡಿದ, 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮುಟ್ಟು ನಿಂತವರಲ್ಲೂ 3.3% ಮಂದಿ ಅನಿರೀಕ್ಷಿತ ರಕ್ತಸ್ರಾವ ಆಗಿದೆ ಅಂದಿದ್ದರು. ಹಾಗಾಗಿ ನನ್ನ ಊಹೆ ಅಸಾಧ್ಯವೇನಲ್ಲ. ಆದರೆ ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ಕಂಡರೂ, ಲಸಿಕೆ ತಗೊಂಡಿರಲಿ ಬಿಡಲಿ, ಪರೀಕ್ಷೆ ಮಾಡಿಸಲೇಬೇಕು. ಬಹಳಷ್ಟು ಸಲ ಕ್ಯಾನ್ಸರ್ ಆಗಿರೋದಿಲ್ಲ. ಅಲ್ಲ ಅಂತ ಗೊತ್ತಾಗೋದು ಪರೀಕ್ಷೆ ಮಾಡಿದ ಮೇಲೆ. ಹಾಗೆಯೇ ಗಂಟೆಗೊಂದು ಪ್ಯಾಡ್ ತೊಯ್ಯುವಷ್ಟು ಹೋದರೆ, ಗರ್ಭಿಣಿಯಾಗಿರುವ ಸಾಧ್ಯತೆ ಇದ್ದರೆ, ಮುಟ್ಟಿನ ನಡುವೆ ಪದೇ ಪದೇ ಕಂಡರೆ, "ವ್ಯಾಕ್ಸಿನ್‌ದು" ಅಂತ ಸುಮ್ಮನಿರಬೇಡಿ.

ಲಸಿಕೆ ವಿರುದ್ಧ ಬರೀತಿದ್ದಾಳೆ ಅಂತ ದಯವಿಟ್ಟು ತಿಳಿಯಬೇಡಿ. ನಾನು ಎರಡನೇ ಡೋಸೂ ತಗೊಂಡೆ. ನನ್ನ ವಾದ ಇಷ್ಟೇ: ಜನ ಲಸಿಕೆಗೆ ಹೆದರೋದು ಅಡ್ಡಪರಿಣಾಮದ ಬಗ್ಗೆ ಮಾತಾಡಿದ್ದಕ್ಕಲ್ಲ, ಕೇಳಿದಾಗ ಬಾಯಿ ಮುಚ್ಚಿಸಿದ್ದಕ್ಕೆ. ಉತ್ತರ ಸಿಗದ ಪ್ರಶ್ನೆ ನೇರ ವಾಟ್ಸಾಪ್‌ಗೆ ಹೋಗುತ್ತೆ.

ಅಕ್ಕನಿಗೆ ಏನು ಹೇಳಿದೆ ಅಂದ್ರಾ? ಇದು ಬೇರೆ ಲಸಿಕೆ, ಕೋವಿಡ್‌ದನ್ನು ಇದಕ್ಕೆ ಹಚ್ಚಬೇಡ. ತೋಳು ನೋವು, ಸ್ವಲ್ಪ ಜ್ವರ ಬರಬಹುದು. ಕೆಲವು ಮಕ್ಕಳಿಗೆ ತಲೆ ಸುತ್ತುತ್ತೆ, ಹಾಕಿಸಿದ ಮೇಲೆ ಕಾಲು ಗಂಟೆ ಕೂರಿಸು. ದೊಡ್ಡವಳಾದ ಮೊದಲ ಒಂದೆರಡು ವರ್ಷ ಮುಟ್ಟು ಹೇಗಿದ್ದರೂ ಹಿಂದೆ ಮುಂದೆ ಆಗುತ್ತೆ, ಅದಕ್ಕೆ ಈಗಿಂದಲೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕೋಕೆ ಹೇಳಿಕೊಡು. ಲಸಿಕೆ ಹಾಕಿಸು. ಏನಾದರೂ ಜಾಸ್ತಿ ಅನ್ನಿಸಿದರೆ ನನ್ನನ್ನಲ್ಲ, ಡಾಕ್ಟರನ್ನ ಕೇಳು!

"ಅಮ್ಮನೂ ಇದನ್ನೇ ಹೇಳಿದ್ರು" ಅಂದಳು ಅಕ್ಕ.

ಇವತ್ತು ಮನೆಗೆ ಫೋನ್ ಮಾಡಿದಾಗ ನಿಮ್ಮ ಅಮ್ಮನನ್ನೂ ಒಮ್ಮೆ ಕೇಳಿ. ಅವರು ತಾವಾಗಿಯೇ ಹೇಳೋದಿಲ್ಲ.